ಹಾಲು ಕುಡಿಯುವ ಮಗು ಪಾಪಿಯೇ?

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಹಸುಗೂಸು. ಇನ್ನೂ ಮಾತು ಬಂದಿಲ್ಲ. ಜೊತೆಯಲ್ಲೇ ಹಾಲು ಕುಡಿಯುತ್ತಿರುವ ಇನ್ನೊಂದು ಮಗುವನ್ನು ಅದು ದುರುಗುಟ್ಟಿಕೊಂಡು ನೋಡುತ್ತಿದೆ, ಹೊಟ್ಟೆಕಿಚ್ಚಿಗೆ ಮುಖವೆಲ್ಲ ಬಿಳುಚಿದೆ. ಇದನ್ನು ಕಣ್ಣಾರೆ ಕಂಡೆ ಅಂತ ಬರೆದವರು ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಅಗಸ್ಟೀನ್, ಸುಮಾರು 1600 ವರ್ಷಗಳ ಹಿಂದೆ. ನಾವಾಗಿದ್ದರೆ "ಪಾಪ, ಹಸಿವಾಗಿರಬೇಕು" ಅಂದು ಸುಮ್ಮನಾಗುತ್ತಿದ್ದೆವು. ನಮ್ಮ ಭಾಷೆಯಲ್ಲಿ ಪಾಪ ಅನ್ನುವ ಮಾತಿಗೆ ಕನಿಕರವೂ ಇದೆ ನೋಡಿ. ಅಗಸ್ಟೀನರಿಗೆ ಅಲ್ಲಿ ಕಂಡದ್ದು ತಪ್ಪು ಅನ್ನುವ ಅರ್ಥದ ಪಾಪ ಮಾತ್ರ. ಬೈಬಲಿನ ಮೊದಲ ಮನುಷ್ಯ ಆದಾಮನ ತಪ್ಪು ಹುಟ್ಟಿನ ಜೊತೆಗೇ ಬರುತ್ತದೆ, ಅದೇ ಜನ್ಮಪಾಪ, ಹಾಗಾಗಿಯೇ ಕೂಸಿಗೂ ದೀಕ್ಷಾಸ್ನಾನ, ಅಂದರೆ ಕ್ರೈಸ್ತರಾಗುವಾಗ ಮಾಡಿಸುವ ನೀರಿನ ಸಂಸ್ಕಾರ, ಬೇಕು ಅಂದರು.

ಇದನ್ನು ಒಪ್ಪದಿದ್ದವರು ಅದೇ ಕಾಲದ ಪೆಲಾಜಿಯಸ್. ಬ್ರಿಟನ್‌ನಿಂದ ರೋಮಿಗೆ ಬಂದ ಶಿಸ್ತಿನ ಮನುಷ್ಯ. "ನೀನು ಆಜ್ಞೆ ಮಾಡುವುದನ್ನು ನಡೆಸುವ ಶಕ್ತಿಯನ್ನೂ ನೀನೇ ಕೊಡು, ಆಮೇಲೆ ಏನು ಬೇಕಾದರೂ ಆಜ್ಞೆ ಮಾಡು" ಎಂಬ ಅಗಸ್ಟೀನರ ಪ್ರಾರ್ಥನೆಯನ್ನು ಯಾರೋ ಓದಿ ಹೇಳಿದಾಗ ಇವರು ಸಿಟ್ಟಾದರಂತೆ. ಹಾಗಾದರೆ ಮನುಷ್ಯ ಏನೂ ಮಾಡಬೇಕಿಲ್ಲವಾ? ಆದಾಮ ನಮಗೆ ಕೆಟ್ಟ ಮಾದರಿಯಾದ, ಅಷ್ಟೇ. ಅಪ್ಪ ಮಾಡಿದ ಸಾಲವನ್ನು ಈಗ ತಾನೇ ಹುಟ್ಟಿದ ಮಗುವಿನ ತಲೆಗೆ ಕಟ್ಟುವುದು ಯಾವ ನ್ಯಾಯ ಅನ್ನುವುದು ಇವರ ವಾದದ ತಿರುಳು. ಬೈಬಲಿನಲ್ಲೇ, ಯೆಹೆಜ್ಕೇಲನ 18ನೇ ಅಧ್ಯಾಯದಲ್ಲಿ, ಅಪ್ಪನ ದೋಷವನ್ನು ಮಗ ಹೊರುವುದಿಲ್ಲ ಅಂತ ಇದೆಯಲ್ಲ. ಆದರೆ 51ನೇ ಕೀರ್ತನೆಯಲ್ಲಿ ತಾಯಿ ಗರ್ಭ ಧರಿಸಿದಾಗಲೇ ನಾನು ಪಾಪದಲ್ಲಿದ್ದೆ ಅಂತಲೂ ಇದೆ. ಎರಡೂ ಕಡೆಯವರಿಗೆ ವಚನ ಸಿಗುತ್ತದೆ.

ನನಗೆ ತುಂಬಾ ಸೋಜಿಗ ಅನಿಸುವುದು ಒಂದು ಪುಟ್ಟ ಅನುವಾದದ ಕಥೆ. ಬೈಬಲಿನಲ್ಲಿ ಯೇಸುವಿನ ಅಪೊಸ್ತಲ ಪೌಲನು ರೋಮಿನವರಿಗೆ ಬರೆದ ಪತ್ರದ 5ನೇ ಅಧ್ಯಾಯ, 12ನೇ ವಚನ: ಒಬ್ಬ ಮನುಷ್ಯನಿಂದ ಪಾಪವೂ ಸಾವೂ ಲೋಕಕ್ಕೆ ಬಂದು ಎಲ್ಲರಿಗೂ ಹರಡಿದ ಮಾತು. ಗ್ರೀಕ್ ಮೂಲವನ್ನು ಇಂದಿನ ಹೆಚ್ಚಿನ ವಿದ್ವಾಂಸರು "ಎಲ್ಲರೂ ಪಾಪ ಮಾಡಿದ್ದರಿಂದ" ಎಂದೇ ಓದುತ್ತಾರೆ. ಅಗಸ್ಟೀನರ ಕೈಯಲ್ಲಿದ್ದ ಲ್ಯಾಟಿನ್ ಪಠ್ಯವನ್ನು "ಅವನಲ್ಲಿ (ಅಂದರೆ ಆದಾಮನಲ್ಲಿ) ಎಲ್ಲರೂ ಪಾಪ ಮಾಡಿದರು" ಅಂತ ಓದಬಹುದಿತ್ತು, ಅವರು ಹಾಗೇ ಓದಿದರು. ಗ್ರೀಕಿನಲ್ಲೇ ಓದಿದ ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ಇವತ್ತಿಗೂ, ಆದಾಮನಿಂದ ಬಂದದ್ದು ಸಾವು ಮತ್ತು ದುರ್ಬಲತೆ, ಅಪರಾಧವಲ್ಲ ಅನ್ನುತ್ತವೆ. ನನ್ನ ಮನಸ್ಸು ವಾಲುವುದೂ ಆ ಕಡೆಗೇ.

ಹಾಗಂತ ಅಗಸ್ಟೀನರನ್ನು ಕಟುಕ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ನಾವೂ ಹೇಳುತ್ತೇವೆ, ಅಲ್ವಾ? ನಾಳೆಯಿಂದ ಕೋಪ ಮಾಡಿಕೊಳ್ಳುವುದಿಲ್ಲ ಅಂತ ರಾತ್ರಿ ನಿರ್ಧಾರ ಮಾಡಿ, ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಮನೆಯವರ ಮೇಲೆ ರೇಗಿದವರಿಗೆ ಅಗಸ್ಟೀನ್ ಬೇಗ ಅರ್ಥವಾಗುತ್ತಾರೆ. ಪೆಲಾಜಿಯಸ್ ಮೇಲ್ನೋಟಕ್ಕೆ ಮೃದು. ಒಳಗೆ ಅವರೇ ಜಾಸ್ತಿ ಕಠಿಣ: ಮನಸ್ಸು ಮಾಡಿದರೆ ಪಾಪವಿಲ್ಲದೆ ಬದುಕಬಹುದು ಅಂದ ಮೇಲೆ, ಎಡವಿದವನಿಗೆ ಯಾವ ನೆಪವೂ ಉಳಿಯುವುದಿಲ್ಲ.

418ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್ ನಗರದಲ್ಲಿ ಸೇರಿದ ಬಿಷಪ್ಪರ ಸಭೆ ಪೆಲಾಜಿಯಸ್ ವಾದವನ್ನು ತಳ್ಳಿಹಾಕಿತು. ಆದರೆ ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸಿನ ಗತಿ ಏನು? ಅದಕ್ಕೂ ಶಿಕ್ಷೆಯೇ, ಆದರೆ ಎಲ್ಲಕ್ಕಿಂತ ಹಗುರವಾದ ಶಿಕ್ಷೆ ಅಂದಿದ್ದರು ಅಗಸ್ಟೀನ್. ಆಮೇಲಿನವರು ನೋವೂ ಇಲ್ಲದ, ದೇವರ ದರ್ಶನವೂ ಇಲ್ಲದ ಲಿಂಬೋ ಎಂಬ ಜಾಗ ಹುಡುಕಿದರು. 2007ರಲ್ಲಿ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ, ಇಂಥ ಮಕ್ಕಳಿಗೂ ರಕ್ಷಣೆ ಸಿಗುತ್ತದೆ ಎಂದು ಆಶಿಸಲು ಕಾರಣಗಳಿವೆ ಅಂತ ಬರೆಯಿತು. ಖಂಡಿತ ಸಿಗುತ್ತದೆ ಅಂತ ಮಾತ್ರ ಬರೆಯಲಿಲ್ಲ.