ನೊಣಕ್ಕೆ ಮಣ್ಣಿನಲ್ಲೇ ಕಾದಿರುವ ಬೂಷ್ಟು

ಕೇಳುಗರಿಗೆಲ್ಲ ನಮಸ್ಕಾರ.

ರೇಷ್ಮೆ ಹುಳು ಸಾಕಿದವರಿಗೆ ಸುಣ್ಣಕಟ್ಟು ರೋಗ ಅಂದರೆ ಎದೆ ಝಲ್ಲೆನ್ನುತ್ತದೆ. ಚೆನ್ನಾಗಿ ಸೊಪ್ಪು ಮೇಯುತ್ತಿದ್ದ ಹುಳು ಸತ್ತು ಸೆಟೆದು, ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಇಟಲಿಯ ಅಗೊಸ್ತಿನೊ ಬಾಸ್ಸಿ ವರ್ಷಗಟ್ಟಲೆ ಇದರ ಬೆನ್ನುಬಿದ್ದು, ಇದು ಶಿಲೀಂಧ್ರದ, ಅಂದರೆ ಒಂದು ಬಗೆಯ ಬೂಷ್ಟಿನ ಕೆಲಸ ಎಂದು 1835ರಲ್ಲಿ ತೋರಿಸಿಕೊಟ್ಟರು. ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ: ಬೆವೇರಿಯಾ ಬಾಸಿಯಾನಾ.

ನಮ್ಮ ಹುಳುವನ್ನು ಕೊಲ್ಲುವ ಬೂಷ್ಟು ಬೆಳೆ ತಿನ್ನುವ ಹುಳುವನ್ನೂ ಕೊಲ್ಲಬೇಕಲ್ವಾ? ಕೊಲ್ಲುತ್ತದೆ. ಅದರ ಬೀಜಕಣ ಕೀಟದ ಮೈಗೆ ಅಂಟಿ ಮೊಳೆಯುತ್ತದೆ, ಚರ್ಮ ಕೊರೆದು ಒಳಗಿಳಿಯುತ್ತದೆ. ಕೀಟ ಅದನ್ನು ತಿನ್ನಲೇಬೇಕು ಅಂತೇನಿಲ್ಲ, ಮೈಗೆ ತಾಗಿದರೆ ಸಾಕು. ಕೆಲವು ದಿನಗಳಲ್ಲಿ ಕೀಟ ಸಾಯುತ್ತದೆ. ಆಮೇಲೆ ಬೂಷ್ಟು ಹೆಣದಿಂದ ಹೊರಗೆ ಬರುತ್ತದೆ. ಬೆವೇರಿಯಾ ಆದರೆ ಬಿಳಿ, ಅದರ ಹಾಗೇ ಕೀಟ ಕೊಲ್ಲುವ ಇನ್ನೊಂದು ಬೂಷ್ಟು ಮೆಟಾರೈಜಿಯಂ ಆದರೆ ಹಸಿರು.

ಈಗ ದಕ್ಷಿಣ ಸ್ಪೇನಿನ ಆಂದಲೂಸಿಯಾಕ್ಕೆ ಹೋಗೋಣ. ಅಲ್ಲಿ ಕಣ್ಣು ಹಾಯಿಸಿದಷ್ಟೂ ಆಲಿವ್ ಮರ. ಆ ಮರಕ್ಕೆ ಅಂಟಿದ ಶನಿ ಅಂದರೆ ಆಲಿವ್ ನೊಣ. ಹೆಣ್ಣು ನೊಣ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಮರಿಹುಳು ಒಳಗೇ ತಿರುಳು ತಿನ್ನುತ್ತದೆ. ಕಾಯಿ ಉದುರುತ್ತದೆ, ಉಳಿದದ್ದರ ಎಣ್ಣೆಯಲ್ಲಿ ಆಮ್ಲ ಜಾಸ್ತಿಯಾಗಿ ಬೆಲೆ ಬೀಳುತ್ತದೆ. ಇದಕ್ಕೆ ಡೈಮೆಥೋಯೇಟ್ ಹೊಡೆಯುತ್ತಿದ್ದರು, ನಮ್ಮ ರೈತರಿಗೂ ಗೊತ್ತಿರುವ ಔಷಧಿ. 2019ರಲ್ಲಿ ಯುರೋಪ್ ಒಕ್ಕೂಟ ಅದರ ಅನುಮತಿಯನ್ನು ಮುಂದುವರಿಸಲಿಲ್ಲ.

ಆ ಔಷಧಿಯ ಬದಲು ಎಲೆಯ ಮೇಲೆ ಬೂಷ್ಟು ಸಿಂಪಡಿಸಿದರೆ ಬಿಸಿಲು ಅದನ್ನು ಬೇಗ ಸುಟ್ಟುಬಿಡುತ್ತದೆ. ಕಾಯಿಯೊಳಗಿನ ಹುಳುವಿಗಂತೂ ಅದು ತಾಗುವುದೇ ಇಲ್ಲ. ಕೋರ್ದೊಬಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ನೊಣದ ಬದುಕನ್ನೇ ಗಮನವಿಟ್ಟು ನೋಡಿದರು. ಶರತ್ಕಾಲದಲ್ಲಿ ಬಲಿತ ಹುಳು ಕಾಯಿ ಬಿಟ್ಟು ನೆಲಕ್ಕೆ ಬೀಳುತ್ತದೆ. ಕೆಲವೇ ಸೆಂಟಿಮೀಟರ್ ಆಳದಲ್ಲಿ ಕೋಶವಾಗಿ ಚಳಿ ಕಳೆದು, ವಸಂತದಲ್ಲಿ ನೊಣವಾಗಿ ಮೇಲೆ ಬರುತ್ತದೆ. ಹಾಗಾದರೆ ಮರಕ್ಕೆ ಯಾಕೆ ಹೊಡೆಯಬೇಕು? ಅಲ್ಲಿನ ಮಣ್ಣಿನಿಂದಲೇ ಬೇರ್ಪಡಿಸಿದ ಮೆಟಾರೈಜಿಯಂ ಅನ್ನು ಮರದ ಬುಡದ ನೆಲಕ್ಕೇ ಸಿಂಪಡಿಸಿದರು. ಮಣ್ಣೊಳಗೆ ಬಿಸಿಲಿನ ಕಾಟವಿಲ್ಲ, ತೇವ ಇರುತ್ತದೆ. ಇಳಿಯುವ ಹುಳುವಿಗೂ ಏಳುವ ನೊಣಕ್ಕೂ ಬೂಷ್ಟು ಅಲ್ಲೇ ಅಂಟುತ್ತದೆ. ಮುಂದಿನ ವರ್ಷಕ್ಕೆ ಏಳುವ ನೊಣಗಳೇ ಕಡಿಮೆಯಾದವು. ನನಗೆ ಈ ಯೋಚನೆ ತುಂಬ ಹಿಡಿಸಿತು. ಶತ್ರು ಮನೆಗೆ ಬರುವ ದಾರಿಯಲ್ಲೇ ಕಾದು ಕೂತ ಹಾಗೆ ಇದು.

ಇಷ್ಟು ದೂರದ ಸುದ್ದಿ ಯಾಕೆ ಹೇಳಿದೆ ಅಂದರೆ, ನಮ್ಮ ಮಾವಿನ ಹಣ್ಣಿನ ನೊಣ ಈ ಆಲಿವ್ ನೊಣದ ಹತ್ತಿರದ ನೆಂಟ. ಅದೂ ಮಣ್ಣಲ್ಲೇ ಕೋಶವಾಗುತ್ತದೆ. ಬೆವೇರಿಯಾ, ಮೆಟಾರೈಜಿಯಂ ಎರಡೂ ನಮ್ಮಲ್ಲಿ ಸಿಗುತ್ತವೆ. ಕೊಳ್ಳುವಾಗ ತಯಾರಾದ ತಾರೀಖು ನೋಡಿ, ನೆರಳಲ್ಲಿಡಿ. ಶಿಲೀಂಧ್ರನಾಶಕದ ಜೊತೆ ಸುಮ್ನೆ ಬೆರೆಸಬೇಡಿ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವೋ ಹುಳು ಮನೆಯೋ ಇದ್ದರೆ, ದಯವಿಟ್ಟು ಅಲ್ಲಿ ಇದನ್ನು ಹೊಡೆಯಲೇಬೇಡಿ. ಬೂಷ್ಟಿಗೆ ಮಾವಿನ ಹುಳ ಯಾವುದು, ರೇಷ್ಮೆ ಹುಳು ಯಾವುದು ಅಂತ ಗೊತ್ತಾಗುವುದಿಲ್ಲ.

ನಮಸ್ಕಾರ.