‘ಹೋಗಿದ್ದೆ’ ಅಂದರೆ ‘ಹ್ಯಾಡ್ ಗಾನ್’ ಅಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

‘ನಿನ್ನೆ ಸಂಜೆ ಎಲ್ಲಿದ್ರಿ?’ ಅಂತ ಯಾರಾದರೂ ಕೇಳಿದರೆ ನಾವು ಹೇಗೆ ಉತ್ತರ ಕೊಡುತ್ತೇವೆ? ‘ಸಿನಿಮಾಗೆ ಹೋಗಿದ್ದೆ’ ಅನ್ನುತ್ತೇವೆ. ‘ಸಿನಿಮಾಗೆ ಹೋದೆ’ ಅಂದರೆ ಮಾತು ಅರ್ಧಕ್ಕೇ ನಿಂತ ಹಾಗೆ ಕೇಳುತ್ತದೆ. ಹೋದೆ, ಆಮೇಲೆ? ‘ಹೋಗಿದ್ದೆ’ ಅಂದಾಗ ಮಾತ್ರ ಹೋಗಿ ಬಂದದ್ದೂ ಅದರೊಳಗೇ ಸೇರುತ್ತದೆ.

ಈ ‘ಇದ್ದೆ’ಯನ್ನು ಹಾಗೇ ಇಂಗ್ಲಿಷಿಗೆ ಒಯ್ಯುತ್ತೇವೆ ನೋಡಿ, ಅಲ್ಲೇ ಎಡವಟ್ಟು. ‘ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ಎ ಮೂವಿ’ ಅಂದುಬಿಡುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಅಂದವನು. ಇಂಗ್ಲಿಷಿನವರಿಗೆ ‘ಹ್ಯಾಡ್’ ಕೇಳಿದ ಕೂಡಲೇ ಒಂದು ಪ್ರಶ್ನೆ ಏಳುತ್ತದೆ: ಯಾವುದಕ್ಕಿಂತ ಮುಂಚೆ? ಅವರಿಗೆ ‘ಹ್ಯಾಡ್’ ಒಂಟಿಯಾಗಿ ಬರುವುದಿಲ್ಲ. ಆಗಿ ಹೋದ ಇನ್ನೊಂದು ಸಂಗತಿ ಜೊತೆಗಿರಬೇಕು. ಹೀಗಾಗಿ ನಿನ್ನೆಯ ಸಿನಿಮಾಗೆ ‘ಐ ವೆಂಟ್’ ಸಾಕು.

ಹಾಗಾದರೆ ‘ಹ್ಯಾಡ್’ ಯಾವಾಗ ಬೇಕು? ಒಂದು ರೈಲು ಇಟ್ಟುಕೊಳ್ಳೋಣ. ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್.’ ನಾನು ತಲುಪುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಈಗ ‘ಹ್ಯಾಡ್’ ತೆಗೆಯಿರಿ. ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಲೆಫ್ಟ್.’ ಈಗ ನಾನು ಕಾಲಿಟ್ಟದ್ದಕ್ಕೂ ರೈಲು ಹೊರಟದ್ದಕ್ಕೂ ಸರಿಹೋಯಿತು. ಓಡಿದ್ದರೆ ಕೊನೆಯ ಬೋಗಿಯಾದರೂ ಸಿಗುತ್ತಿತ್ತೇನೋ! ‘ಬಿಫೋರ್’, ‘ಆಫ್ಟರ್’ ಇದ್ದರೆ ಯಾವುದು ಮೊದಲು ಅಂತ ಆ ಪದವೇ ಹೇಳಿಬಿಡುತ್ತದೆ. ಆಗ ‘ಹ್ಯಾಡ್’ ಬಿಟ್ಟರೂ ನಡೆಯುತ್ತದೆ.

ಇನ್ನು ‘ಹ್ಯಾವ್’. ‘ಪತ್ರ ನಿನ್ನೆಯೇ ಕಳಿಸಿದ್ದೇನೆ’ ಅನ್ನುವುದು ಅಚ್ಚುಕಟ್ಟಾದ ಕನ್ನಡ. ಆದರೆ ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ’ ಇಂಗ್ಲಿಷಿಗೆ ಒಗ್ಗುವುದಿಲ್ಲ. ‘ಹ್ಯಾವ್’ ನೋಡುವುದು ಇವತ್ತಿನ ಕಡೆಗೆ. ‘ಐ ಹ್ಯಾವ್ ಲಾಸ್ಟ್ ಮೈ ಕೀ’ ಅಂದರೆ ಬೀಗದ ಕೈ ಕಳೆದಿದೆ, ಈಗಲೂ ಸಿಕ್ಕಿಲ್ಲ, ನಾನಿನ್ನೂ ಬಾಗಿಲ ಹೊರಗೇ ನಿಂತಿದ್ದೇನೆ. ನಿನ್ನೆ, ಹೋದ ವಾರ, 2010ರಲ್ಲಿ ಅಂತ ಮುಗಿದ ಕಾಲವನ್ನು ಹೆಸರಿಸಿದಿರೋ, ‘ಹ್ಯಾವ್’ ಜಾಗ ಖಾಲಿ ಮಾಡಬೇಕು. ‘ಐ ಸೆಂಟ್ ಇಟ್ ಯೆಸ್ಟರ್ಡೇ’, ಅಷ್ಟೇ. ‘2010ರಿಂದ’ ಅಂದರೆ ಮಾತ್ರ ಲೆಕ್ಕ ಬೇರೆ, ಏಕೆಂದರೆ ಆ ಕಾಲ ಇವತ್ತಿನವರೆಗೂ ಚಾಚಿಕೊಂಡಿದೆ. ಇಲ್ಲಿ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ 2010’ ಅನ್ನುತ್ತೇವಲ್ಲ, ಅದು ‘ಐ ಹ್ಯಾವ್ ಬೀನ್ ವರ್ಕಿಂಗ್’ ಆಗಬೇಕು.

ಇಷ್ಟು ಹೊತ್ತು ಕನ್ನಡ ನಮಗೆ ಅಡ್ಡಗಾಲು ಹಾಕಿತು. ಒಂದು ಕಡೆ ಕೈಯನ್ನೂ ಹಿಡಿಯುತ್ತದೆ. ‘ಐ ಡಿಡ್ ನಾಟ್ ವೆಂಟ್’ ಅನ್ನುವವರು ಈಗಲೂ ಜಾಸ್ತಿ. ಆದರೆ ‘ಬಂದೆ’ಗೆ ಇಲ್ಲ ಸೇರಿಸುವಾಗ ನಾವು ‘ಬಂದಲಿಲ್ಲ’ ಅನ್ನುತ್ತೇವಾ? ‘ಬರಲಿಲ್ಲ’ ಅನ್ನುತ್ತೇವೆ. ‘ಬಂದೆ’ಯ ರೂಪ ಬಿಟ್ಟು ‘ಬರು’ವಿಗೆ ಮರಳುತ್ತೇವೆ. ಅಲ್ಲೂ ಹಾಗೇ. ಭೂತಕಾಲದ ಭಾರವನ್ನೆಲ್ಲ ‘ಡಿಡ್’ ಹೊತ್ತುಕೊಳ್ಳುತ್ತದೆ, ‘ಗೋ’ ಹಗುರವಾಗಿ ಉಳಿಯುತ್ತದೆ. ‘ಐ ಡಿಡ್ ನಾಟ್ ಗೋ.’

ಅಂದಹಾಗೆ, ಈ ‘ವೆಂಟ್’ ಮೂಲದಲ್ಲಿ ‘ಗೋ’ನ ಮಗುವೇ ಅಲ್ಲ. ‘ವೆಂಡ್’ ಅನ್ನುವ ಬೇರೊಂದು ಹಳೆಯ ಕ್ರಿಯಾಪದದ್ದು, ದತ್ತು ಬಂದದ್ದು. ಇಂಥವನ್ನು ಸುಮ್ನೆ ಬಾಯಿಪಾಠ ಮಾಡಬೇಕು, ಬೇರೆ ದಾರಿ ಇಲ್ಲ. ನಮ್ಮಲ್ಲೂ ಮಾಡು ‘ಮಾಡಿದ’ ಆಗುತ್ತದೆ, ಕೊಡು ಮಾತ್ರ ‘ಕೊಟ್ಟ’ ಆಗುತ್ತದೆ, ಅಲ್ವಾ?

ಕೊನೆಗೆ ಒಂದು ಪುಟ್ಟ ಪರೀಕ್ಷೆ. ‘ನಿನ್ನೆ ಫೋನ್ ಮಾಡಿದ್ದೆ, ನೀವು ಎತ್ತಲಿಲ್ಲ.’ ಇದನ್ನು ಇಂಗ್ಲಿಷಿನಲ್ಲಿ ಹೇಳಿ ನೋಡೋಣ. ಬಾಯಿಗೆ ‘ಹ್ಯಾಡ್’ ಬಂತೇ? ನುಂಗಿಬಿಡಿ. ‘ಡಿಡ್ ನಾಟ್ ಪಿಕ್ಡ್’ ಬಂತೇ? ಅದರ ಬಾಲ ಕತ್ತರಿಸಿ. ‘ಐ ಕಾಲ್ಡ್ ಯೂ ಯೆಸ್ಟರ್ಡೇ, ಯೂ ಡಿಡ್ ನಾಟ್ ಪಿಕ್ ಅಪ್.’

ನಮಸ್ಕಾರ.