ಕುಷ್ಟಗಿಯ ತೋಟದಲ್ಲಿ ಪರಾಜನೋವ್

ಈಗ ಪರದೆಯ ಮೇಲೆ ಕಾಣುತ್ತಿರುವುದು ಕುಷ್ಟಗಿ ತಾಲ್ಲೂಕಿನ ಒಂದು ದಾಳಿಂಬೆ ತೋಟ. ನಾನು ಮಾತನಾಡಲಿರುವುದು ಇಲ್ಲಿಂದ ಬಹುದೂರದ ಅರ್ಮೇನಿಯಾದ ಚಿತ್ರವೊಂದರ ಬಗ್ಗೆ. ಆ ಚಿತ್ರದ ತುಣುಕುಗಳನ್ನು ಇಲ್ಲಿ ಹಾಕುವ ಹಕ್ಕು ನನಗಿಲ್ಲ. ಹಾಗಾಗಿ ಚಿತ್ರವನ್ನು ಮಾತಿನಲ್ಲಿ ಕೇಳಿಸಿಕೊಳ್ಳಿ, ಕಣ್ಣಿಗೆ ಕೊಪ್ಪಳ ಜಿಲ್ಲೆಯನ್ನು ನೋಡಿ. ಇವೆರಡೂ ಒಟ್ಟಿಗೆ ಬಂದಾಗಲೇ ನನಗೆ ಆ ಚಿತ್ರ ಹತ್ತಿರವಾಯಿತು.

ಚಿತ್ರದ ಹೆಸರು ‘ದಿ ಕಲರ್ ಆಫ್ ಪೊಮೆಗ್ರನೇಟ್ಸ್’. ಸೆರ್ಗೇಯ್ ಪರಾಜನೋವ್ ನಿರ್ದೇಶಿಸಿದ್ದು, ಆಗ ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಅರ್ಮೇನಿಯಾದಲ್ಲಿ 1969ರಲ್ಲಿ ತೆರೆ ಕಂಡದ್ದು. 18ನೇ ಶತಮಾನದ ಕವಿ, ಗಾಯಕ ಸಯಾತ್ ನೋವಾನ ಬದುಕೇ ವಸ್ತು. ಆದರೆ ಹುಟ್ಟಿದ, ಬೆಳೆದ, ಪ್ರೀತಿಸಿದ, ಸತ್ತ ಎಂದು ಅದು ಕತೆ ಹೇಳುವುದಿಲ್ಲ. ಸಂಭಾಷಣೆ ಇಲ್ಲವೆಂದೇ ಹೇಳಬೇಕು. ಕ್ಯಾಮೆರಾ ಬಹುತೇಕ ಕದಲುವುದಿಲ್ಲ. ಬಿಳಿ ಬಟ್ಟೆಯ ಮೇಲೆ ಮೂರು ದಾಳಿಂಬೆ, ಅವುಗಳಿಂದ ತಾನಾಗಿ ಹರಡುವ ಕೆಂಪು ರಸ. ಒಂದು ಕಠಾರಿ. ಅಕ್ಷರ ಕೆತ್ತಿದ ಕಲ್ಲಿನ ಮೇಲೆ ದ್ರಾಕ್ಷಿ ತುಳಿಯುವ ಬರಿಗಾಲು. ವಿಲವಿಲ ಒದ್ದಾಡುವ ಮೀನು. ಹೀಗೆ ಒಂದಾದ ಮೇಲೊಂದು ಚೌಕಟ್ಟು, ನಡುವೆ ಕವಿಯ ಸಾಲುಗಳು.

ಕೊಪ್ಪಳದಲ್ಲಿ ಗೆಳೆಯರ ಜೊತೆ ಗೋಡೆಯ ಮೇಲೆ ಪ್ರೊಜೆಕ್ಟರ್ ಹಾಕಿ ಇದನ್ನು ನೋಡಿದೆವು. ಮೊದಲ ಕೆಲವೇ ನಿಮಿಷಗಳಲ್ಲಿ ಪ್ರಶ್ನೆಗಳು ಎದ್ದವು. ಮೀನು ಎಂದರೇನು? ಕಠಾರಿ ಯಾರನ್ನು ಸೂಚಿಸುತ್ತದೆ? ಒಬ್ಬ ಮೊಬೈಲ್ ತೆಗೆದು ಹುಡುಕಿ, ಬಟ್ಟೆಯ ಮೇಲಿನ ಆ ದಾಳಿಂಬೆ ರಸದ ಕಲೆ ಪ್ರಾಚೀನ ಅರ್ಮೇನಿಯಾ ರಾಜ್ಯದ ಭೂಪಟ ಎಂದು ಓದಿ ಹೇಳಿದ. ಆ ವ್ಯಾಖ್ಯಾನ ಪ್ರಸಿದ್ಧ, ನಾನು ಅಲ್ಲಗಳೆಯುವುದಿಲ್ಲ. ಆದರೆ ಭೂಪಟ ಎಂದು ತಿಳಿದ ತಕ್ಷಣ ಕೋಣೆಯಲ್ಲಿದ್ದ ಎಲ್ಲರೂ ಆ ಕಲೆಯನ್ನು ನೋಡುವುದನ್ನೇ ಬಿಟ್ಟರು. ಪದಬಂಧದ ಒಂದು ಸಾಲು ತುಂಬಿತು, ಮುಂದಿನದು ಯಾವುದು ಎಂಬ ಅವಸರ. ನನಗೆ ಅದು ತುಂಬಾ ನೋವು ಕೊಟ್ಟಿತು, ಏಕೆಂದರೆ ಈ ಚಿತ್ರ ನೋಡಲಿಕ್ಕಾಗಿಯೇ ಹುಟ್ಟಿದ್ದು.

ನನ್ನ ಸಲಹೆ ಒಂದೇ. ಪ್ರತಿ ಚೌಕಟ್ಟಿನಲ್ಲೂ ‘ಇದರ ಅರ್ಥವೇನು’ ಎಂದು ಕೇಳುವ ಮೊದಲು ‘ಇಲ್ಲಿ ಯಾವ ಕೆಲಸ ನಡೆಯುತ್ತಿದೆ’ ಎಂದು ಕೇಳಿ.

ಕವಿಯ ಬಾಲ್ಯದ ಭಾಗವನ್ನೇ ತೆಗೆದುಕೊಳ್ಳಿ. ಬಣ್ಣದಲ್ಲಿ ಅದ್ದಿ ಎತ್ತಿದ ಉಣ್ಣೆ ನೂಲಿನ ಲಡಿಗಳು, ಅವುಗಳಿಂದ ಲೋಹದ ತಟ್ಟೆಗಳ ಮೇಲೆ ತೊಟ್ಟಿಕ್ಕುವ ಬಣ್ಣ. ಇದು ಕನಸಿನಂತೆ ಕಾಣುತ್ತದೆ, ಆದರೆ ನಡೆಯುತ್ತಿರುವುದು ಶುದ್ಧ ಕಸುಬು. ಸಯಾತ್ ನೋವಾ ಹುಡುಗನಾಗಿದ್ದಾಗ ನೇಯ್ಗೆ ಕಲಿತನೆಂದು ಹೇಳುತ್ತಾರೆ. ನಮ್ಮ ಜೊತೆ ಕುಳಿತಿದ್ದ ಗೆಳೆಯನ ತಾಯಿ ಕಂಬಳಿ ನೇಯುವ ಮನೆಯವರು. ಅವರಿಗೆ ಈ ದೃಶ್ಯದಲ್ಲಿ ಯಾವ ಗೊಂದಲವೂ ಇರಲಿಲ್ಲ. ಒದ್ದೆ ಉಣ್ಣೆ ಎಷ್ಟು ಭಾರ, ಎತ್ತುವವರ ರಟ್ಟೆ ಎಷ್ಟು ನೋಯುತ್ತದೆ ಎಂಬುದನ್ನೇ ಅವರು ಮಾತನಾಡಿದರು. ಮಗ್ಗದ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುವುದನ್ನು ನೆನಪಿಸಿಕೊಂಡರು. ಆಮೇಲೆ ನಾನು ಆ ದೃಶ್ಯವನ್ನು ಮತ್ತೆ ನೋಡಿದಾಗ ಬಣ್ಣಕ್ಕಿಂತ ಮೊದಲು ಭಾರ ಕಾಣಿಸಿತು.

ನಂತರದ ದೃಶ್ಯ ನನಗೆ ಇಡೀ ಚಿತ್ರದಲ್ಲೇ ಅತ್ಯಂತ ಪ್ರಿಯವಾದದ್ದು. ಮಳೆಯಲ್ಲಿ ಕ್ರೈಸ್ತ ಮಠದ ಗ್ರಂಥಗಳು ನೆನೆದಿವೆ. ದೊಡ್ಡ ದೊಡ್ಡ ಪುಸ್ತಕಗಳ ಮೇಲೆ ಕಲ್ಲು ಹೇರಿ ನೀರು ಹಿಂಡುತ್ತಾರೆ. ಆಮೇಲೆ ಅವುಗಳನ್ನು ಮಾಳಿಗೆಗೆ ಹೊತ್ತು ತಂದು ಬಿಸಿಲಿಗೆ ಹರವುತ್ತಾರೆ. ಗಾಳಿಗೆ ನೂರಾರು ಪುಟಗಳು ತಾವಾಗಿ ಮಗುಚುತ್ತವೆ, ನಡುವೆ ಒಬ್ಬ ಹುಡುಗ ಮಲಗಿದ್ದಾನೆ. ಶಾವಿಗೆ, ಸಂಡಿಗೆ, ಮೆಣಸಿನಕಾಯಿ ಹರವುವ ಮಾಳಿಗೆಗಳ ನಡುವೆ ಬೆಳೆದ ನಮಗೆ ಆ ಬಿಸಿಲು ಗೊತ್ತು. ಹಾಗೆ ಹರವಿದವರು ಮೋಡ ಕಂಡರೆ ಹೇಗೆ ಓಡುತ್ತಾರೆಂಬುದೂ ಗೊತ್ತು. ಪುಸ್ತಕವನ್ನು ದವಸದಷ್ಟು ಅಕ್ಕರೆಯಿಂದ ಕಾಯುವ ಜನರ ನಡುವೆ ಒಬ್ಬ ಕವಿ ಬೆಳೆದ ಎಂಬುದನ್ನು ಹೇಳಲು ಪರಾಜನೋವ್‌ಗೆ ಹೆಚ್ಚು ಮಾತು ಬೇಕಾಗಲಿಲ್ಲ.

ಹಾಗೆಂದು ಮಾಹಿತಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಕೆಲವು ಕಡೆ ಗೊತ್ತಿರಲೇಬೇಕು. ಸಯಾತ್ ನೋವಾ ಟಿಫ್ಲಿಸ್‌ನವನು, ಅಂದರೆ ಇಂದಿನ ಟಿಬಿಲಿಸಿ. ಅರ್ಮೇನಿಯನ್, ಜಾರ್ಜಿಯನ್, ಅಜರ್ಬೈಜಾನಿ ಮೂರರಲ್ಲೂ ಹಾಡು ಕಟ್ಟಿದ. ಜಾರ್ಜಿಯಾದ ದೊರೆ ಎರಡನೇ ಎರೆಕ್ಲೆಯ ಆಸ್ಥಾನದಲ್ಲಿದ್ದ, ಅಲ್ಲಿಂದ ಹೊರಬಿದ್ದ. ದೊರೆಯ ತಂಗಿಯ ಮೇಲಿನ ಪ್ರೀತಿಯೇ ಕಾರಣವೆಂದು ಐತಿಹ್ಯ. ಆಮೇಲೆ ಹಘ್ಪಾತ್ ಮಠ ಸೇರಿದ. 1795ರಲ್ಲಿ ಪರ್ಷಿಯಾದ ಆಘಾ ಮೊಹಮ್ಮದ್ ಖಾನ್‌ನ ದಾಳಿಯಲ್ಲಿ ಸತ್ತ. ಇಷ್ಟು ಗೊತ್ತಿದ್ದರೆ ಚರ್ಚಿನೊಳಗೆ ಕುರಿಗಳು ನುಗ್ಗುವ ದೃಶ್ಯ ಬೇರೆಯದೇ ಆಗುತ್ತದೆ. ಹಿರಿಯ ಧರ್ಮಗುರು ತೀರಿಕೊಂಡಿದ್ದಾನೆ, ಕಲ್ಲಿನ ನೆಲದಲ್ಲಿ ಗೋರಿ ತೋಡಲಾಗುತ್ತಿದೆ. ಸುತ್ತ ಮಂದೆ ತುಂಬಿಕೊಳ್ಳುತ್ತದೆ, ಕಾಲಿಡಲು ಜಾಗವಿಲ್ಲ. ಕುಷ್ಟಗಿ ರಸ್ತೆಯಲ್ಲಿ ಕುರಿ ಮಂದೆ ಅಡ್ಡ ಬಂದಾಗ ನಮ್ಮ ಕಣ್ಣು ಮೊದಲು ಕಾಯುವವನನ್ನು ಹುಡುಕುತ್ತದೆ. ಆ ಚರ್ಚಿನಲ್ಲಿ ಮಂದೆಯನ್ನು ಕಾಯುವವನೇ ಗೋರಿಗೆ ಹೋಗುತ್ತಿದ್ದಾನೆ.

ಈಗ ಪರದೆಗೆ ಬಂದಿರುವುದು ನಮ್ಮ ಜಿಲ್ಲೆಯ ಕಿನ್ನಾಳ. ಹಗುರ ಮರದ ಗೊಂಬೆಗಳು. ಹುಣಸೆ ಬೀಜದ ಅಂಟಿನಲ್ಲಿ ಮರದ ಹೊಟ್ಟು, ಸೆಣಬಿನ ಪುಡಿ ಕಲಸಿ ಮಾಡಿದ ಕಿಟ್ಟ, ಆಭರಣಗಳು ಉಬ್ಬಿ ಬರಲು ಕಲ್ಲಿನ ಪುಡಿಯ ಲೇಪ, ಮೇಲೆ ಹೊಳೆಯುವ ಬಣ್ಣ. ಈ ಗೊಂಬೆ ನಿಮ್ಮನ್ನು ನೇರವಾಗಿ ನೋಡುತ್ತದೆ, ನೀವು ಅದನ್ನು ಎದುರಿನಿಂದ ನೋಡಬೇಕು. ಪರಾಜನೋವ್‌ನ ಪಾತ್ರಗಳೂ ಹಾಗೆಯೇ. ಅಳುವುದಿಲ್ಲ, ನಗುವುದಿಲ್ಲ, ಕೈಯಲ್ಲಿ ಒಂದು ವಸ್ತುವನ್ನು ಹಿಡಿದು ನಮ್ಮತ್ತ ನೋಡುತ್ತಾ ನಿಲ್ಲುತ್ತವೆ. ಅರ್ಮೇನಿಯಾದ ಹಳೆಯ ಹಸ್ತಪ್ರತಿಗಳ ಚಿತ್ರಗಳಿಂದ ಈ ಶೈಲಿ ಬಂದದ್ದು. ಆಳವಿಲ್ಲದ, ಚಪ್ಪಟೆಯಾದ, ಅಲಂಕಾರ ತುಂಬಿದ ಲೋಕ.

ಇನ್ನೊಂದು ಸಂಗತಿ. ತೊಗಲು ಗೊಂಬೆಯಾಟದಲ್ಲಿ ಒಂದೇ ಪಾತ್ರಕ್ಕೆ ಬೇರೆ ಬೇರೆ ಭಾವಕ್ಕೆ ತಕ್ಕಂತೆ ಬೇರೆ ಬೇರೆ ಗೊಂಬೆಗಳಿರುತ್ತವೆ. ನಮ್ಮ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗಾಗಿಯೇ. ಪರಾಜನೋವ್ ಇದನ್ನು ತಿರುಗಿಸಿದ್ದಾನೆ. ನಟಿ ಸೋಫಿಕೊ ಚಿಯೌರೆಲಿ ಒಬ್ಬರೇ ತರುಣ ಕವಿಯೂ ಹೌದು, ಅವನು ಪ್ರೀತಿಸಿದ ರಾಜಕುಮಾರಿಯೂ ಹೌದು, ಇನ್ನೂ ಹಲವು ಪಾತ್ರಗಳೂ ಹೌದು. ಇದನ್ನು ತಿಳಿಯದೆ ನೋಡಿದರೆ ಯಾರು ಯಾರೆಂದು ಗೊಂದಲವಾಗುತ್ತದೆ. ತಿಳಿದು ನೋಡಿದರೆ ಪ್ರೀತಿಸುವವನಿಗೂ ಪ್ರೀತಿ ಪಡೆದವಳಿಗೂ ಒಂದೇ ಮುಖ. ಪ್ರೇಮಕಾವ್ಯವನ್ನು ಇದಕ್ಕಿಂತ ಸರಳವಾಗಿ ತೆರೆಗೆ ತಂದದ್ದನ್ನು ನಾನು ಕಂಡಿಲ್ಲ.

ಮತ್ತೆ ದಾಳಿಂಬೆ. ಬಿಳಿ ಧೋತರ ಹಾಸಿ, ಇದೇ ತೋಟದ ಹಣ್ಣನ್ನು ಕೊಯ್ದು ಇಟ್ಟಿದ್ದೇವೆ, ನೋಡಿ. ಹಸಿಯಾಗಿದ್ದಾಗ ಕೆಂಪು. ಒಣಗುತ್ತಾ ಬಂದಂತೆ ಅಂಚು ಕಂದಾಗುತ್ತದೆ. ಸಿಪ್ಪೆಯಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಹೇರಳವಾಗಿರುವುದರಿಂದ ಸಹಜ ಬಣ್ಣ ಹಾಕುವವರು ಅದನ್ನು ಬಟ್ಟೆಗೆ ಬಣ್ಣ ಕಚ್ಚಿಸಲು ಬಳಸುತ್ತಾರೆ. ಈ ಕಲೆ ಒಗೆದರೆ ಸುಲಭವಾಗಿ ಹೋಗದು. ಚಿತ್ರದಲ್ಲಿ ಒಂದೇ ಕೆಂಪು ಹಣ್ಣಿನಿಂದ ಬಟ್ಟೆಗೆ, ಉಣ್ಣೆಗೆ, ದ್ರಾಕ್ಷಾರಸಕ್ಕೆ ದಾಟುತ್ತಾ ಹೋಗುತ್ತದೆ. ಕೊನೆಯಲ್ಲಿ ಉರಿಯುವ ಮೇಣದ ಬತ್ತಿಗಳ ನಡುವೆ ಕವಿ ಮಲಗಿದಾಗ, ತಲೆ ಕಡಿದ ಕೋಳಿಗಳು ಸುತ್ತ ಬಿದ್ದು ಒದ್ದಾಡುವಾಗ, ಆ ಕೆಂಪು ಎಲ್ಲಿಗೆ ಬಂದು ಮುಟ್ಟಿದೆ ಎಂದು ಯಾರೂ ವಿವರಿಸಬೇಕಿಲ್ಲ.

ತೋಟದ ಯಜಮಾನರಿಗೆ ಮೊದಲ ದೃಶ್ಯವನ್ನು ಲ್ಯಾಪ್‌ಟಾಪ್‌ನಲ್ಲಿ ತೋರಿಸಿದೆ. ಅವರು ಹಣ್ಣಿನ ಮೈಮೇಲೆ ಚುಕ್ಕೆ ಇದೆಯೇ ಎಂದು ಬಗ್ಗಿ ನೋಡಿದರು. ದುಂಡಾಣು ಅಂಗಮಾರಿ ಬಂದರೆ ದಾಳಿಂಬೆಯ ಮೇಲೆ ಕಪ್ಪು ಚುಕ್ಕೆ ಬಿದ್ದು ಹಣ್ಣು ಬಿರಿಯುತ್ತದೆ. ಈ ಭಾಗದಲ್ಲಿ ಎಷ್ಟೋ ತೋಟಗಳನ್ನು ಬುಡಸಮೇತ ಕಿತ್ತು ಹಾಕಿದ್ದು ಆ ರೋಗಕ್ಕೆ ಹೆದರಿಯೇ. ಹಣ್ಣಿನಿಂದ ರಸ ಸೋರುವುದು ಅವರಿಗೆ ಅಳಿವಿನ ಚಿತ್ರ. ಪರಾಜನೋವ್ ತೋರಿಸುತ್ತಿರುವುದೂ ಅಳಿವನ್ನೇ. ಭೂಪಟದ ವಿವರಣೆಗಿಂತ ಆ ಬಗ್ಗಿದ ನೋಟ ನನಗೆ ಚಿತ್ರದ ಒಳಗೆ ಹೆಚ್ಚು ದಾರಿ ತೋರಿಸಿತು.

ಅರ್ಥವಾಗದ್ದನ್ನು ಪ್ರೀತಿಸುವುದು ಕನ್ನಡಿಗರಿಗೆ ಹೊಸದಲ್ಲ. ಹನ್ನೆರಡನೇ ಶತಮಾನದ, ಒಗಟಿನಂತಿರುವ ಬೆಡಗಿನ ವಚನಗಳಿಗೆ ವಿಜಯನಗರದ ಕಾಲದಲ್ಲಿ, ಇಲ್ಲೇ ತುಂಗಭದ್ರಾ ನದಿಯ ಆಚೆ, ಟೀಕೆಗಳು, ಅಂದರೆ ಅರ್ಥವಿವರಣೆಗಳು, ಹುಟ್ಟಿದವು. ಈ ಪ್ರತಿಮೆ ಎಂದರೆ ಜೀವ, ಆ ಪ್ರತಿಮೆ ಎಂದರೆ ಮಾಯೆ ಎಂದು ಬಿಡಿಸಿ ಹೇಳಿದವು. ಆ ಟೀಕೆಗಳನ್ನು ನಾನು ಗೌರವದಿಂದ ಓದುತ್ತೇನೆ. ಆದರೆ ಜನ ಇಂದಿಗೂ ಬಾಯಲ್ಲಿಟ್ಟುಕೊಂಡು ಬಂದಿರುವುದು ವಚನವನ್ನು.

ಸೋವಿಯತ್ ಅಧಿಕಾರಿಗಳಿಗೂ ಈ ಚಿತ್ರ ಅರ್ಥವಾಗಲಿಲ್ಲ. ಕವಿಯ ಹೆಸರನ್ನೇ ಶೀರ್ಷಿಕೆಯಿಂದ ತೆಗೆಸಿದರು. ಪರಾಜನೋವ್‌ನನ್ನು 1973ರ ಡಿಸೆಂಬರ್‌ನಲ್ಲಿ ಬೇರೆ ಆರೋಪಗಳ ಮೇಲೆ ಬಂಧಿಸಲಾಯಿತು, 1977ರ ಕೊನೆಯವರೆಗೆ ಸೆರೆಯಲ್ಲಿದ್ದ. ಕ್ಯಾಮೆರಾ ಇಲ್ಲದ ಆ ವರ್ಷಗಳಲ್ಲಿ ಸಿಕ್ಕಿದ ಚೂರುಪಾರುಗಳನ್ನು ಅಂಟಿಸಿ ಕೊಲಾಜ್‌ಗಳನ್ನು ಮಾಡಿದ. ಕೈ ಕೆಲಸ ನಿಲ್ಲಿಸಲಿಲ್ಲ.

ನೋಡುವವರಿಗೆ ಎರಡು ಮಾತು. ಚಿತ್ರದ ಎರಡು ರೂಪಗಳಿವೆ. ಸೋವಿಯತ್ ನಿರ್ದೇಶಕ ಸೆರ್ಗೇಯ್ ಯುತ್ಕೆವಿಚ್ ಮರುಸಂಕಲನ ಮಾಡಿದ್ದು ಒಂದು, ಅರ್ಮೇನಿಯಾದಲ್ಲಿ ಬಿಡುಗಡೆಯಾದದ್ದು ಇನ್ನೊಂದು. ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್ ಮತ್ತು ಇಟಲಿಯ ಬೊಲೊನ್ಯಾದ ಸಿನೆಟೆಕಾ ಎಂಬ ಚಿತ್ರ ಸಂಗ್ರಹಾಲಯ ಸೇರಿ 2014ರಲ್ಲಿ ಪುನರುಜ್ಜೀವನಗೊಳಿಸಿದ ಅರ್ಮೇನಿಯನ್ ರೂಪವನ್ನೇ ಹುಡುಕಿ. ಸಾಧ್ಯವಾದರೆ ಗೋಡೆಯ ಮೇಲೆ ನೋಡಿ, ನಾಲ್ಕು ಜನ ಕೂಡಿ ನೋಡಿ. ಧ್ವನಿಯನ್ನು ದೊಡ್ಡದಾಗಿಯೇ ಇಡಿ. ಸನ್ಯಾಸಿಗಳು ಸಾಲಾಗಿ ಕುಳಿತು ದಾಳಿಂಬೆ ಕಚ್ಚುವ ಸದ್ದು ಕೇಳದೆ ಹೋದರೆ ಆ ದೃಶ್ಯದ ಅರ್ಧವೇ ಸಿಕ್ಕಂತೆ.